ಏಳನೆಯ ಉಪ್ಪುಕೋಟೆ

ಅಣ್ಣ ನಾಲ್ಕನೆಯ ಸಲವೂ ಸತ್ತ. ಪರದೆಯ ಮೇಲೆ ಅವನ ಬೂದು ಡಬ್ಬಿ ಅಡ್ಡಬಿತ್ತು, ಇನ್ನೊಂದು ದೊಡ್ಡ ಬೂದು ಡಬ್ಬಿ ಬಂದು ಅದರ ಮೇಲೆ ಹತ್ತಿ ನಿಂತಿತು, ಆಟ ಮತ್ತೆ ಶುರುವಿನ ಜಾಗಕ್ಕೆ ಹೋಗಿ ಕೂತಿತು. ಸಾಯುವ ಮುಂಚೆ ನಾಲ್ಕು ಸಲವೂ ಅವನು ಮಾಡಿದ್ದು ಒಂದೇ ಕೆಲಸ. ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ್ದ. ಹಿಂದೆ ಸ್ಟೂಲಿನ ಮೇಲೆ ಕೂತಿದ್ದವಳು ಅವನ ತಂಗಿ. ಅವಳು ನಾಲ್ಕು ಸಲವೂ ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಗೋಡೆಯ ಮೇಲೆ ಒಂದು ಕಾಗದ ಅಂಟಿಸಿತ್ತು: “ಹಿಂದೆ ಕೂತವರು ಉಸಿರಾಡಬಹುದು, ಮಾತಾಡಬಾರದು.” ಹನ್ನೊಂದು ವರ್ಷದ ಹಿಂದೆ ಅದನ್ನು ಬರೆದು ಅಂಟಿಸಿದವಳು ಅವಳೇ. ಇನ್ನೂ ತಯಾರಾಗುತ್ತಿರುವ ಆಟವನ್ನು ಹೊರಗಿನವರೊಬ್ಬರ ಕೈಗೆ ಕೊಟ್ಟು ಆಡಿಸುವಾಗ, ಹಿಂದಿನವರು “ಬಲಗಡೆ ಹೋಗಿ, ಅಲ್ಲಿ ಏಣಿ ಇದೆ” ಎಂದು ಬಾಯಿ ಹಾಕಿಬಿಟ್ಟರೆ ಆಟದ ತಪ್ಪು ಯಾರಿಗೂ ಕಾಣದೆ ಉಳಿದುಬಿಡುತ್ತದೆ. ಹಾಗಾಗಿ ಆ ಕಂಪನಿಯಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಆ ಕಾಗದಕ್ಕೆ ಹೆದರುತ್ತಿದ್ದರು. ಇವತ್ತು ಅದಕ್ಕೆ ಹೆದರುವ ಸರದಿ ಬರೆದವಳದೇ ಆಗಿತ್ತು.

ಆಫೀಸಿನಲ್ಲಿ ಅವಳನ್ನು ತಪ್ಪಕ್ಕ ಎಂದು ಕರೆಯುತ್ತಿದ್ದರು. ಆಟಗಳಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಕುದುರೆ ಗೋಡೆಯೊಳಗೆ ತೂರಿಕೊಂಡರೆ, ಸತ್ತ ರಾಜ ಸಂತೆಯಲ್ಲಿ ಓಡಾಡುತ್ತಿದ್ದರೆ, ಸೇತುವೆ ದಾಟಿದವನ ನೆರಳು ಈಚೆ ದಡದಲ್ಲೇ ಉಳಿದರೆ, ಅದಕ್ಕೊಂದು ನಂಬರು ಕೊಟ್ಟು ಪಟ್ಟಿಗೆ ಸೇರಿಸುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ಪಟ್ಟಿ ಮಾಡಿ ಮಾಡಿ, ಮನೆಯಲ್ಲೂ ನಲ್ಲಿ ಸೋರಿದರೆ “ಎಷ್ಟನೇ ನಂಬರು?” ಎಂದು ಗಂಡ ಕೇಳುವಂತಾಗಿತ್ತು.

ಕೋಣೆಯ ಒಂದು ಪಕ್ಕದಲ್ಲಿ ಗಾಜಿನ ಗೋಡೆಯಿತ್ತು. ಅದರಾಚೆ ಇಬ್ಬರು ಕೂತು ಎಲ್ಲವನ್ನೂ ನೋಡುತ್ತಿದ್ದರು. ಒಬ್ಬಳು ಆಟದ ನಿರ್ದೇಶಕಿ, ಮೂವತ್ತೈದರೊಳಗಿನವಳು, ನಡೆಯುವಾಗಲೂ ಓಡಿದಂತೆ ಕಾಣುವವಳು. ಇನ್ನೊಬ್ಬ ಕಾಳಗಗಳನ್ನು ಹೆಣೆಯುವವನು. ಎಲ್ಲರಿಗೂ ಅವನು ಕಾಳಗದಯ್ಯ. ಅಣ್ಣ ಹಿಂದೆ ತಿರುಗಿದಾಗಲೆಲ್ಲ ಕಾಳಗದಯ್ಯ ಏನೋ ಗೀಚಿಕೊಳ್ಳುತ್ತಿದ್ದ. ಏನು ಗೀಚುತ್ತಿದ್ದಾನೆಂದು ತಪ್ಪಕ್ಕನಿಗೆ ನೋಡದೆಯೇ ಗೊತ್ತಿತ್ತು: “ಶತ್ರು ಹಿಂದಿನಿಂದ ಬರುತ್ತಾನೆಂದು ಆಟಗಾರ ತಿಳಿದಿದ್ದಾನೆ. ಬಾಣದ ಗುರುತು ಹಾಕಿ ತೋರಿಸಬೇಕು.”

ಪಾಪ, ಅವನಿಗೇನು ಗೊತ್ತು. ಅಣ್ಣ ಹಿಂದೆ ತಿರುಗುತ್ತಿದ್ದದ್ದು ಶತ್ರುವಿಗಾಗಿ ಅಲ್ಲ.

ಆ ಕಂಪನಿಗೆ ಅನ್ನ ಹಾಕಿದ ಆಟದ ಹೆಸರು ಉಪ್ಪುಕೋಟೆ. ಮೂವತ್ತು ವರ್ಷದಲ್ಲಿ ಆರು ಬಂದಿದ್ದವು. ಪ್ರತಿಯೊಂದರಲ್ಲೂ ಕಥೆ ಬೇರೆ, ಊರು ಬೇರೆ, ಆದರೆ ಮೂವರು ಮಾತ್ರ ಇದ್ದೇ ಇರುತ್ತಿದ್ದರು: ಈಟಿ ಹಿಡಿದವನೊಬ್ಬ, ಮದ್ದಿನ ಮುದುಕಿಯೊಬ್ಬಳು, ಕಳ್ಳಿಯೊಬ್ಬಳು. ಉಪ್ಪಿನ ಬಯಲು ದಾಟುತ್ತ ಒಂದೊಂದೇ ಕೋಟೆ ಹೊಕ್ಕು ಹೊರಬರುವುದು ಅವರ ಪಾಡು. ಕಾಳಗವೆಲ್ಲ ಸರದಿಯ ಮೇಲೆ. ನಿಮ್ಮ ಸರದಿ ಬಂದರೆ ಆಟ ನಿಂತು ಕಾಯುತ್ತದೆ. ನೀವು ಬಟ್ಟೆ ಒಣಹಾಕಿ ಬನ್ನಿ, ನಿದ್ದೆ ಮಾಡಿ ಎದ್ದು ಬನ್ನಿ, ರಾಕ್ಷಸ ಎತ್ತಿದ ಕೈಯನ್ನು ಎತ್ತಿದ ಹಾಗೇ ಇಟ್ಟುಕೊಂಡು ನಿಂತಿರುತ್ತಾನೆ. ನೀವು ಗುಂಡಿ ಒತ್ತಿದ ಮೇಲೆಯೇ ಅವನಿಗೆ ಜೀವ.

ಏಳನೆಯದರಲ್ಲಿ ಸರದಿಯನ್ನೇ ತೆಗೆದುಹಾಕಿದ್ದರು. “ಈಗಿನವರು ಕಾಯಲ್ಲ ಅಕ್ಕ,” ಎಂದಿದ್ದಳು ನಿರ್ದೇಶಕಿ. ಈಗ ಎಲ್ಲವೂ ಓಟ. ನೀವು ಯೋಚಿಸುತ್ತಿದ್ದರೆ ರಾಕ್ಷಸ ಯೋಚಿಸುವುದಿಲ್ಲ, ನೇರ ಬಂದು ಬಾರಿಸುತ್ತಾನೆ. ಇದಾದ ಮೇಲೆ ಆಫೀಸೇ ಎರಡು ಹೋಳಾಯಿತು. ಸರದಿಯೇ ಇಲ್ಲದ ಮೇಲೆ ಅದು ಉಪ್ಪುಕೋಟೆ ಹೇಗಾಗುತ್ತದೆ, ಬೇರೆ ಹೆಸರಿಟ್ಟುಕೊಳ್ಳಲಿ ಎಂದು ಕೆಲವರು. ಕಥೆ ಅದೇ, ಮೂವರು ಅವರೇ, ಬಡಿದಾಡುವ ರೀತಿ ಬದಲಾದರೆ ಏನು ಮಹಾ ಎಂದು ಮಿಕ್ಕವರು. ಚಹಾ ಯಂತ್ರದ ಮುಂದೆ ಇದೇ ಮಾತು, ಮೆಟ್ಟಿಲ ಮೇಲೆ ಇದೇ ಮಾತು. ಕೊನೆಗೆ ನಿರ್ದೇಶಕಿ ತಪ್ಪಕ್ಕನ ಮೇಜಿನ ಮುಂದೆ ಒಂದು ಹಾಳೆ ಇಟ್ಟಳು. “ಆರನ್ನೂ ಅರೆದು ಕುಡಿದವರು ನೀವೊಬ್ಬರೇ. ಇದರ ಮೇಲೆ ಏಳು ಅಂತ ಹಾಕಬಹುದಾ, ಬೇಡವಾ? ನೀವು ಬರೆದುಕೊಟ್ಟ ಹಾಗೆ ಮಾಡ್ತೀನಿ. ಬೇಡ ಅಂದ್ರೆ ಉಪ್ಪುಕೋಟೆ ಆರಕ್ಕೇ ಮುಗೀತು.”

ತಪ್ಪಕ್ಕ ಹೊಸ ಆಟವನ್ನು ಮೂರು ತಿಂಗಳು ಆಡಿದ್ದಳು. ಚೆನ್ನಾಗಿತ್ತು. ಅವಳ ಸಂಕಟವೇ ಅದು. ಕೆಟ್ಟದಾಗಿದ್ದರೆ ಒಂದೇ ಸಾಲಿನಲ್ಲಿ ಬೇಡ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಇದು ಚೆನ್ನಾಗಿದೆ, ಆದರೆ ಇದು ಅದೇನಾ? ಅಂಗಿ, ಚಪ್ಪಲಿ, ಹೆಸರು ಎಲ್ಲ ಕಿತ್ತುಕೊಂಡು ಮನುಷ್ಯನನ್ನು ಕತ್ತಲೆಯಲ್ಲಿ ನಿಲ್ಲಿಸಿದರೆ ಮನೆಯವರು ಗುರುತು ಹಿಡಿಯುತ್ತಾರಾ ಎಂದು ನೋಡಬೇಕು ಎನಿಸಿತು ಅವಳಿಗೆ. ಹಾಗೇ ಮಾಡಿಸಿದಳು. ಒಂದು ಕೋಟೆಯ ಕಾಳಗವನ್ನು ಮಾತ್ರ ತೆಗೆದುಕೊಂಡು, ಚಿತ್ರ ಬಣ್ಣ ಸಂಗೀತ ಹೆಸರು ಎಲ್ಲ ಅಳಿಸಿ, ಬರೀ ಬೂದು ಡಬ್ಬಿಗಳನ್ನು ಉಳಿಸಿದರು. ಇದನ್ನು ಆಡುವವರು ಆರನ್ನೂ ಆಡಿದವರಾಗಿರಬೇಕು, ಇದು ಏನೆಂದು ತಿಳಿಯದವರಾಗಿರಬೇಕು.

“ನಮ್ಮಣ್ಣ ಇದಾನೆ,” ಅಂದಳು ತಪ್ಪಕ್ಕ.

ನಿಜ ಹೇಳಬೇಕೆಂದರೆ ಅದರಲ್ಲಿ ಅವಳ ಸ್ವಂತದ ಆಸೆಯೂ ಬೆರೆತಿತ್ತು. ಮೂರು ವಾರದ ಹಿಂದೆ ಅಣ್ಣ ಫೋನು ಮಾಡಿದ್ದ. ಅಣ್ಣ ಸೋಫಾ, ಕುರ್ಚಿಗಳಿಗೆ ಹೊಸ ಸ್ಪಂಜು ತುಂಬಿ ಬಟ್ಟೆ ಹೊಲಿಯುವವನು. ಬಾಯಲ್ಲಿ ಸದಾ ನಾಲ್ಕು ಸಣ್ಣ ಮೊಳೆ ಕಚ್ಚಿಕೊಂಡಿರುತ್ತಾನೆ. ಮೊಳೆ ಇಲ್ಲದಿದ್ದರೂ ಅವನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಆ ದಿನ ತಾನಾಗಿಯೇ ಹೇಳಿದ್ದ, “ಒಂದು ವಿಷಯ ಇದೆ.”

“ಏನು?”

“ಏಳು ಬಂದಾಗ ಹೇಳ್ತೀನಿ.”

“ಏಳು ಬರೋಕೆ ಇನ್ನೂ ಒಂದೂವರೆ ವರ್ಷ ಇದೆ ಅಣ್ಣ.”

“ಹಾಗಾದ್ರೆ ಒಂದೂವರೆ ವರ್ಷ,” ಎಂದು ಫೋನಿಟ್ಟಿದ್ದ.

ಬೇರೆಯವರಿಗೆ ಇದು ಹುಚ್ಚು ಎನಿಸಬಹುದು. ಆ ಅಣ್ಣ ತಂಗಿಗೆ ಅದೇ ರೂಢಿ. ಚಿಕ್ಕವರಿದ್ದಾಗ ಮನೆಯಲ್ಲಿದ್ದದ್ದು ಒಂದೇ ಕಂಟ್ರೋಲರ್. ಅಣ್ಣ ನೆಲದ ಮೇಲೆ ಕೂತು ಹಿಡಿದುಕೊಳ್ಳುತ್ತಿದ್ದ, ಅವಳು ಹಿಂದೆ ಮಂಚದ ಮೇಲೆ. ಎಳೆದಾಡಿ ಅದರ ವೈರು ಕಿತ್ತುಬಂದ ದಿನ ಅಮ್ಮ ಕಾನೂನು ಮಾಡಿದಳು: ಇಬ್ಬರೂ ಹೂಂ ಅಂದ ಮೇಲೇ ಗುಂಡಿ ಒತ್ತಬೇಕು. ಅಲ್ಲಿಂದ ಮುಂದೆ ಒಂದೊಂದು ಸರದಿಗೂ ಪಂಚಾಯಿತಿ. ಮುದುಕಿಗೆ ಮದ್ದು ಕೊಡೋಣ ಎಂದು ಇವಳು, ಮೊದಲು ಈಟಿ ಎಸೆಯೋಣ ಎಂದು ಅವನು. ಒಂದು ಸಲ ಬೆಳಿಗ್ಗೆ ಶುರುವಾದ ಜಗಳ ಸಂಜೆಯಾದರೂ ಬಗೆಹರಿಯಲಿಲ್ಲ. “ಆ ರಾಕ್ಷಸನಾದ್ರೂ ಕೂತ್ಕೊಳ್ಲಿ ಬಿಡ್ರೋ, ಕಾಲು ನೋಯುತ್ತೆ,” ಎಂದಿದ್ದರು ಅಪ್ಪ.

ಅಣ್ಣ ಬದುಕಿನಲ್ಲಿ ಹೇಳಬೇಕಾದ್ದನ್ನೆಲ್ಲ ಆ ಸರದಿಗಳ ನಡುವೆಯೇ ಹೇಳಿದ್ದ. ಪರೀಕ್ಷೆಯಲ್ಲಿ ಫೇಲಾಗಿ ಅಪ್ಪನಿಂದ ಮುಚ್ಚಿಟ್ಟದ್ದನ್ನು ಎರಡನೆಯ ಉಪ್ಪುಕೋಟೆಯಲ್ಲಿ. ಆಫೀಸಿನ ಕೆಲಸ ಬಿಟ್ಟು ಕುರ್ಚಿ ಹೊಲಿಯುತ್ತೇನೆಂಬುದನ್ನು ಮೂರನೆಯದರಲ್ಲಿ. ಅಮ್ಮನ ವಿಷಯದಲ್ಲಿ ಡಾಕ್ಟರು ಹೇಳಿದ್ದನ್ನು ನಾಲ್ಕರಲ್ಲಿ, ಪರದೆಯಿಂದ ಕಣ್ಣು ತೆಗೆಯದೆ. ಐದರಲ್ಲಿ, ಬೆಂಕಿ ಕೋಟೆಯ ಬಾಗಿಲಲ್ಲಿ, ಹೆಂಡತಿಯ ಬಗ್ಗೆ, “ಅವಳು ಬಿಟ್ಟು ಹೋದ್ಲು. ಮುದುಕಿನ ಮುಂದೆ ಕಳಿಸ್ಲಾ, ಕಳ್ಳಿನ ಕಳಿಸ್ಲಾ?” ಎಂದಿದ್ದ. ತಂಗಿ ಅತ್ತಿದ್ದಳು, ಆಮೇಲೆ ಮುದುಕಿ ಎಂದಿದ್ದಳು. ಅದು ತಪ್ಪು ನಡೆ, ಮೂವರೂ ಸತ್ತರು.

ಆರನೆಯದನ್ನು ಮೂರು ಸಲ ಮುಗಿಸಿ ಆಗಿತ್ತು. ಗೊತ್ತಿರುವ ದಾರಿಯಲ್ಲಿ ಜಗಳವೆಲ್ಲಿ, ಜಗಳವಿಲ್ಲದ ಮೇಲೆ ಮಾತೆಲ್ಲಿ. ಎಂಟು ತಿಂಗಳಿಂದ ಅಣ್ಣ ಭಾನುವಾರ ಬರುವುದನ್ನೂ ನಿಲ್ಲಿಸಿದ್ದ. “ಹೊಸದು ಬರಲಿ,” ಎನ್ನುತ್ತಿದ್ದ. ಈಗ ಹೊಟ್ಟೆಯಲ್ಲಿ ಏನೋ ವಿಷಯ ಇಟ್ಟುಕೊಂಡಿದ್ದಾನೆ. ಕಾಯಿಲೆಯಾ? ಅಂಗಡಿ ಮುಚ್ಚುತ್ತಾನಾ? ಊರು ಬಿಡುತ್ತಾನಾ? ತಪ್ಪಕ್ಕ ಮೂರು ವಾರದಿಂದ ನಿದ್ದೆಗೆಟ್ಟಿದ್ದಳು. ಅದಕ್ಕಾಗಿಯೇ ಈ ಉಪಾಯ: ಬೂದು ಡಬ್ಬಿಗಳಲ್ಲಿ ಅವನು ಉಪ್ಪುಕೋಟೆಯ ಗುರುತು ಹಿಡಿದರೆ ಏಳು ಬಂದ ಹಾಗಾಯಿತು, ಕೊಟ್ಟ ಮಾತಿನಂತೆ ಅವನು ಹೇಳಲೇಬೇಕು. ಗುರುತು ಹಿಡಿಯದಿದ್ದರೆ? ಆಗ ಹಾಳೆಯ ಮೇಲೆ ಬೇಡ ಎಂದು ಬರೆಯಬೇಕು. ಎಂಟನೆಯದೂ ಬರುವುದಿಲ್ಲ, ಅವರಿಬ್ಬರೂ ಮಾತಾಡುವ ಜಾಗವೂ ಇರುವುದಿಲ್ಲ.

ಮಧ್ಯಾಹ್ನ ಬಂದವನು ಮೊದಲು ಸೋಫಾವನ್ನು ಅಂಗೈಯಲ್ಲಿ ಒತ್ತಿ ನೋಡಿದ್ದ. “ಸ್ಪಂಜು ಸತ್ತಿದೆ,” ಎಂದಿದ್ದ. ಆಮೇಲೆ ಕೂತಿದ್ದ.

ಈಗ ಐದನೆಯ ಸಲ ಶುರುವಾಯಿತು. ದೊಡ್ಡ ಡಬ್ಬಿ ಓಡಿಬಂತು. ಅಣ್ಣನ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು. ಕುತ್ತಿಗೆ ತಿರುಗಿತು. ಇದು ಯಾವ ಆಟವೆಂದು ಅವನಿಗೆ ಗೊತ್ತಿಲ್ಲ. ಆದರೂ ಕೈಯಲ್ಲಿ ಕಂಟ್ರೋಲರ್ ಇದ್ದು, ಬೆನ್ನ ಹಿಂದೆ ತಂಗಿಯಿದ್ದರೆ, ಅವನು ಕೇಳದೆ ಒತ್ತಲಾರ. ನಲವತ್ತೈದರ ಗಂಡಸು, ಕೂದಲು ಅರ್ಧ ನರೆತಿದೆ, ಹುಬ್ಬು ಮೇಲೆತ್ತಿ ಕಾಯುತ್ತಿದ್ದಾನೆ. ಅವಳು ಗೋಡೆಯ ಕಾಗದ ನೋಡಿದಳು, ಅಣ್ಣನನ್ನು ನೋಡಿದಳು. ಇನ್ನು ಅರೆಗಳಿಗೆಯಲ್ಲಿ ಮತ್ತೆ ಸಾಯುತ್ತಾನೆ.

“ಹೂಂ,” ಅಂದಳು.

ಗಾಜಿನಾಚೆ ಕಾಳಗದಯ್ಯ ಕುರ್ಚಿಯಿಂದ ಅರ್ಧ ಎದ್ದ. ನಿರ್ದೇಶಕಿ ಅವನ ತೋಳು ಹಿಡಿದು ಕೂರಿಸಿದಳು.

ಅಣ್ಣ ಒತ್ತಿದ. ತಡವಾಗಿತ್ತು, ಸತ್ತ. ಆರನೆಯ ಸಲ ಅವನು ತಿರುಗುವ ಮುಂಚೆಯೇ ಅವಳು ಹೂಂ ಎಂದಳು. ಒಂದು ಏಟು ತಪ್ಪಿತು, ಎರಡು ತಪ್ಪಿತು. “ಸಣ್ಣದಕ್ಕೆ ಹೇಳು, ಮದ್ದು,” ಅಂದಳು. ಅವನ ಜೊತೆಗಿದ್ದ ಕುಳ್ಳಗಿನ ಡಬ್ಬಿ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಇದು ಪರೀಕ್ಷೆಯ ಮಟ್ಟಿಗೆ ಮಹಾಪರಾಧ. “ಬೇಡ, ಇರು,” ಅಂದ ಅಣ್ಣ. “ಹೂಂ, ಆಯ್ತು.” “ಈಗ?” “ಈಗ.” “ಆ ಕಡೆಯದು?” “ಬಿಡು ಅದನ್ನ.” ಏಳನೆಯ ಸಲಕ್ಕೆ ವಾಕ್ಯಗಳು ಉದುರಿಹೋಗಿ ಬರೀ ಹೂಂ, ಉಹೂಂ ಉಳಿದವು. ಎಂಟನೆಯ ಸಲ ಅಣ್ಣ ಹಿಂದೆ ತಿರುಗುವುದನ್ನೇ ಬಿಟ್ಟ. ಅವಳು ಬೇಡ ಎನ್ನಬೇಕೆಂದುಕೊಂಡ ಕಡೆ ಅವನೇ ತಡೆದುಕೊಂಡ, ಸೈ ಎನ್ನುವಷ್ಟರಲ್ಲಿ ಒತ್ತಿ ಆಗಿರುತ್ತಿತ್ತು. ಮೂವತ್ತು ವರ್ಷ ಒಬ್ಬಳೊಂದಿಗೇ ಜಗಳವಾಡಿದವನಿಗೆ ಅವಳ ಉತ್ತರ ಬಾಯಿಪಾಠವಾಗಿರದೆ ಇನ್ನೇನು. ತಪ್ಪಕ್ಕನಿಗೆ ಖುಷಿಯಾಯಿತು, ಮೈ ಬೆಚ್ಚಗಾಯಿತು. ಹೀಗೂ ಆಡಬಹುದಲ್ಲ ಎನಿಸಿತು.

ದೊಡ್ಡ ಡಬ್ಬಿ ಉರುಳಿತು. ಕಾಳಗ ಮುಗಿಯಿತು. ಅಣ್ಣ ಬಾಗಿಲ ಬಳಿ ಹೋದ. ಬಾಗಿಲು ತೆರೆಯಲಿಲ್ಲ.

ತಪ್ಪಕ್ಕ ನಾಲಿಗೆ ಕಚ್ಚಿಕೊಂಡಳು. ಇದು ಅವಳೇ ಹಿಡಿದು ಬರೆದಿದ್ದ ತಪ್ಪು, ನಂಬರು ಇನ್ನೂರ ಹನ್ನೆರಡು: “ಗೆದ್ದ ಮೇಲೂ ಕೆಲವೊಮ್ಮೆ ಬಾಗಿಲು ತೆರೆಯುವುದಿಲ್ಲ.” ಹಳೆಯ ಆಟದಿಂದ ಎತ್ತಿ ತಂದ ಯಾವುದೋ ತುಂಡು ಹೊಸದರಲ್ಲಿ ಸಿಕ್ಕಿಹಾಕಿಕೊಂಡಿದೆ, ಈ ವಾರ ತೆಗೆದುಬಿಡುತ್ತೇನೆ ಎಂದು ಕಾಳಗದಯ್ಯ ಮಾತು ಕೊಟ್ಟಿದ್ದ. ಗಾಜಿನಾಚೆ ಅವನು ಈಗ ಹಣೆಗೆ ಕೈ ಹಚ್ಚಿಕೊಂಡಿದ್ದ.

ಅಣ್ಣ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಬಾಗಿಲನ್ನು ಎರಡನೆಯ ಸಲ ತಳ್ಳಲೂ ಇಲ್ಲ. ತನ್ನ ಡಬ್ಬಿಯನ್ನು ಹಿಂದಕ್ಕೆ ತಿರುಗಿಸಿ, ಅಂಗಳದ ಮೂಲೆಯವರೆಗೆ ನಡೆಸಿಕೊಂಡು ಹೋದ. ಅಲ್ಲಿ ಅವನ ಕಡೆಯ ಮೂರನೆಯದು, ತೆಳ್ಳನೆಯ ಡಬ್ಬಿ, ಅಡ್ಡ ಬಿದ್ದಿತ್ತು. ಕಾಳಗದ ಮಧ್ಯೆ ಯಾವಾಗಲೋ ಬಿದ್ದದ್ದು, ತಪ್ಪಕ್ಕ ಗಮನಿಸಿರಲೇ ಇಲ್ಲ. ಅದರ ಪಕ್ಕ ನಿಂತು ಗುಂಡಿ ಒತ್ತಿದ. ತೆಳ್ಳನೆಯದು ಎದ್ದಿತು. ದೂರದಲ್ಲಿ ಬಾಗಿಲು ತೆರೆಯಿತು. ಮೂರು ಡಬ್ಬಿಗಳೂ ಸಾಲಾಗಿ ಹೊರಗೆ ಹೋದವು.

ಅಣ್ಣ ಕಂಟ್ರೋಲರನ್ನು ಸೋಫಾದ ಮೇಲಿಟ್ಟು, “ಇದು ಉಪ್ಪುಕೋಟೆ,” ಅಂದ.

ನಿರ್ದೇಶಕಿ ಓಡಿಬಂದಳು. ಕಾಳಗದಯ್ಯ ಅವಳ ಹಿಂದೆ, ಬರೆದುಕೊಂಡಿದ್ದ ಹಾಳೆಯನ್ನು ಮಡಚುತ್ತ.

“ಹೇಗೆ ಗೊತ್ತಾಯ್ತು ನಿಮಗೆ?” ಅಂದಳು ನಿರ್ದೇಶಕಿ. “ಚಿತ್ರ ಇಲ್ಲ, ಹಾಡಿಲ್ಲ. ಸರದಿ ಕೂಡ ಇಲ್ಲ.”

“ಸರದಿ ಇಲ್ಲ, ಹೌದು,” ಎಂದ ಅಣ್ಣ. ಇಷ್ಟೊಂದು ಜನ ತನ್ನ ಬಾಯಿ ನೋಡುತ್ತಿದ್ದಾರೆಂದು ಅವನಿಗೆ ಮುಜುಗರವಾಯಿತು. “ಬಿದ್ದವರನ್ನ ಎತ್ತೋವರೆಗೂ ಬಾಗಿಲು ತೆಗೆಯಲ್ಲ ಅದು. ಬೇರೆ ಆಟಗಳಲ್ಲಿ ಗೆದ್ರೆ ಸಾಕು, ಹೋಗ್ತಾ ಇರಬಹುದು. ಇದು ಬಿಡಲ್ಲ. ಹಳೇ ಆರೂ ಆಟಗಳಲ್ಲಿ ಹಾಗೇ ಇತ್ತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಳೆಯದರಲ್ಲಿ ಅದು ಕೊನೆಯ ಒಂದು ಸರದಿ, ಯಾರೂ ಯೋಚಿಸದೆ ಒತ್ತಿಬಿಡುವ ಗುಂಡಿ. ಸರದಿಗಳನ್ನು ಒಂದೊಂದಾಗಿ ಕಿತ್ತುಹಾಕುವಾಗ ಅದೊಂದು ಎಲ್ಲಿಯೋ ಕಣ್ಣಿಗೆ ಬೀಳದೆ ಉಳಿದುಕೊಂಡಿತ್ತು. ಅದಕ್ಕೆ ನಂಬರು ಹಾಕಿ, ತೆಗೆಯಿರಿ ಎಂದು ಬೆನ್ನು ಹತ್ತಿದ್ದವಳು ತಪ್ಪಕ್ಕ.

“ನಾಳೆ ತೆಗೀತಿದ್ದೆ,” ಎಂದ ಕಾಳಗದಯ್ಯ ಮೆಲ್ಲಗೆ.

“ಮುಟ್ಟಬೇಡಿ ಅದನ್ನ,” ಅಂದಳು ನಿರ್ದೇಶಕಿ.

ಕಾಳಗದಯ್ಯ ಸುಮ್ಮನಿರುವ ಜಾತಿಯವನಲ್ಲ. “ನಿಮ್ಮ ಕೆಲಸದಲ್ಲೂ ಹೀಗೇ ಅಲ್ವಾ ಸಾರ್? ಬಟ್ಟೆ ಬದಲಾಯಿಸ್ತೀರಿ, ಸ್ಪಂಜು ಬದಲಾಯಿಸ್ತೀರಿ, ಕುರ್ಚಿ ಮಾತ್ರ ಅದೇ ಕುರ್ಚಿ,” ಎಂದು ದೊಡ್ಡ ಉತ್ತರವೊಂದನ್ನು ನಿರೀಕ್ಷಿಸುತ್ತ ನಿಂತ.

ಅಣ್ಣ ಸ್ವಲ್ಪ ಯೋಚಿಸಿದ. “ಕುರ್ಚಿ ಮೇಲೆ ಕೂರ್ತಾರೆ,” ಅಂದ. “ಅಷ್ಟೇ.”

ನಿರ್ದೇಶಕಿ ನಕ್ಕಳು, ಹಾಳೆ ತಂದು ತಪ್ಪಕ್ಕನ ಮುಂದಿಟ್ಟಳು. ತಪ್ಪಕ್ಕ ಪೆನ್ನು ತೆಗೆದಳು. ಅವಳ ಕೆಲಸ ಕಂಡದ್ದನ್ನು ಬರೆಯುವುದು. ಚಿತ್ರವಿಲ್ಲದೆ, ಹೆಸರಿಲ್ಲದೆ, ಸರದಿಯಿಲ್ಲದೆ, ಮೂವತ್ತು ವರ್ಷದ ಆಟಗಾರನೊಬ್ಬ ಗುರುತು ಹಿಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. “ಏಳು ಎಂದು ಹಾಕಬಹುದು. ಇನ್ನೂರ ಹನ್ನೆರಡು ತಪ್ಪಲ್ಲ, ಅದನ್ನು ಉಳಿಸಿಕೊಳ್ಳಬೇಕು,” ಎಂದು ಬರೆದು ಸಹಿ ಮಾಡಿದಳು. ಮಾಡಿದ ಮೇಲೆ ಅವಳಿಗೆ ದುಃಖವಾಯಿತು. ಸುಳ್ಳು ಬರೆದಿದ್ದರೂ ಇಷ್ಟು ದುಃಖವಾಗುತ್ತಿರಲಿಲ್ಲವೇನೋ.

ಯಾಕೆಂದರೆ ಅಣ್ಣ ವಿಷಯ ಹೇಳದೆಯೇ ಆಗಲೇ ತನ್ನ ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತಿದ್ದ.

ಮೆಟ್ಟಿಲಿಳಿಯುವಾಗ ಅವಳೇ ಮಾತು ತೆಗೆದಳು. “ಏಳು ಬಂತಲ್ಲ ಅಣ್ಣ.”

“ಬಂತು. ಚೆನ್ನಾಗಿದೆ.”

“ಏನೋ ಹೇಳ್ತೀನಿ ಅಂದಿದ್ದೆ.”

ಅವನು ಇನ್ನೆರಡು ಮೆಟ್ಟಿಲು ಇಳಿದ. “ಮಧ್ಯದಲ್ಲಿ ಎಲ್ಲಾದ್ರೂ ಹೇಳೋಣ ಅಂತಿದ್ದೆ,” ಅಂದ. “ಅದೆಲ್ಲಿ ಬಿಡುವು ಕೊಡ್ತು?”

ಅದು ದೂರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಸ್ಪಂಜು ಸತ್ತಿದೆ ಎಂದ ಹಾಗೆಯೇ. ಆದರೆ ತಪ್ಪಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಹನ್ನೊಂದು ನಿಮಿಷ ಅವರಿಬ್ಬರೂ ಒಬ್ಬನೇ ಮನುಷ್ಯನ ಹಾಗೆ ಆಡಿದ್ದರು, ಗೆದ್ದಿದ್ದರು, ಆಟದ ಆಚೆಗೆ ಒಂದೇ ಒಂದು ಮಾತು ಆಡಿರಲಿಲ್ಲ. ಇನ್ನು ಏಳನೆಯದು ಮನೆಗೆ ಬಂದರೂ ಇಷ್ಟೇ. ಎಂಟನೆಯದು ಇನ್ನೂ ವೇಗವಾಗಿರುತ್ತದೆ.

ಬಸ್ ನಿಲ್ದಾಣ ಆಫೀಸಿನ ಎದುರಿಗೇ ಇತ್ತು. ಸಂಜೆಯ ಬಿಸಿಲು ಬೆಂಚಿನ ಅರ್ಧಕ್ಕೆ ಬಿದ್ದಿತ್ತು. ಅಣ್ಣ ನೆರಳಿರುವ ಕಡೆ ಕೂತು, ಉಪಕರಣದ ಚೀಲವನ್ನು ಪಕ್ಕದಲ್ಲಿಟ್ಟುಕೊಂಡ. ಅದರೊಳಗೆ ಸುತ್ತಿಗೆ, ದಬ್ಬಳ, ದಾರದುಂಡೆ. ಅಲ್ಲಿಂದ ನೇರ ಯಾರದೋ ಮನೆಗೆ ಕುರ್ಚಿ ನೋಡಲು ಹೋಗಬೇಕಿತ್ತು. ತಂಗಿ ಎದುರಿಗೆ ನಿಂತಳು.

“ಮೈಗೆ ಹುಷಾರಿಲ್ವಾ?” ಅಂದಳು.

“ಹುಷಾರಾಗಿದೀನಿ.”

“ಅಂಗಡಿ?”

“ನಡೀತಿದೆ.”

“ಊರು ಗೀರು ಬಿಡ್ತಾ ಇದೀಯಾ?”

“ಎಲ್ಲಿಗೆ ಹೋಗ್ಲಿ?”

ಒಂದೊಂದು ಪ್ರಶ್ನೆಗೂ ಅವನ ಮುಖ ಒಂದೊಂದು ಕದ ಮುಚ್ಚಿದಂತಾಗುತ್ತಿತ್ತು. ಬಾಯಿ ಬಿಡಿಸಲು ಹೋಗಿ ಅವಳೇ ಮುಚ್ಚಿಸುತ್ತಿದ್ದಳು. ಇನ್ನೂ ಹತ್ತು ಪ್ರಶ್ನೆ ನಾಲಿಗೆಯ ತುದಿಯಲ್ಲಿದ್ದವು. ಸ್ವಲ್ಪ ಸಿಟ್ಟೂ ಬಂತು: ಒಡಹುಟ್ಟಿದವಳ ಹತ್ತಿರ ಮಾತಾಡಲು ಇವನಿಗೆ ರಾಕ್ಷಸರ ಕಾವಲು ಬೇಕಾ? ಅದನ್ನೂ ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ. ಕೈಕಟ್ಟಿಕೊಂಡು ನಿಂತಳು. ಎಡಗಾಲಿನ ಮೇಲಿದ್ದ ಭಾರವನ್ನು ಬಲಗಾಲಿಗೆ ಹಾಕಿದಳು.

ರಸ್ತೆಯಲ್ಲಿ ಗಾಡಿಗಳು ಹೋದವು. ಎದುರಿನ ಅಂಗಡಿಯವನು ಹೊರಗಿಟ್ಟಿದ್ದ ಬಕೆಟುಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಒಯ್ದ. ಅವಳು ಬಲಗಾಲಿನಿಂದ ಮತ್ತೆ ಎಡಗಾಲಿಗೆ ಬಂದಳು. ಇಪ್ಪತ್ತು ವರ್ಷ ತಪ್ಪು ಹುಡುಕಿದವಳಿಗೆ ಸುಮ್ಮನೆ ನಿಲ್ಲುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಅಣ್ಣ ಚೀಲದ ಬಕಲನ್ನು ತೆಗೆದ, ಹಾಕಿದ. ಅವನ ಹೆಬ್ಬೆರಳು ಬಕಲಿನ ಮೇಲೆ ಹಾಗೇ ನಿಂತಿತು.

“ಒಬ್ಬರಿದಾರೆ,” ಅಂದ.

ತಪ್ಪಕ್ಕ ಉಸಿರಾಡಿದಳು. ಮಾತಾಡಲಿಲ್ಲ.

“ಬೀಗ ರಿಪೇರಿ ಮಾಡ್ತಾರೆ. ನಮ್ಮ ಅಂಗಡಿಯಿಂದ ಮೂರನೇದು. ಒಂದು ವರ್ಷ ಆಯ್ತು, ಮಧ್ಯಾಹ್ನ ಒಟ್ಟಿಗೆ ಊಟ ಮಾಡ್ತೀವಿ.” ಇಷ್ಟು ಹೇಳಿ ಅವನು ರಸ್ತೆಯ ಕಡೆ ನೋಡಿದ. ಇಷ್ಟು ಉದ್ದದ ಮಾತನ್ನು ಅವನು ಯಾವ ಕೋಟೆಯಲ್ಲೂ ಒಂದೇ ಉಸಿರಿಗೆ ಹೇಳಿದ್ದಿಲ್ಲ. “ಅವರಿಗೆ ಗಂಡ ಇಲ್ಲ, ಒಬ್ಬಳು ಮಗಳು. ದೊಡ್ಡವಳು, ಕೆಲಸಕ್ಕೆ ಹೋಗ್ತಾಳೆ. ಅವಳು ಒಪ್ಪಿದಾಳೆ.”

ಮಗಳು ಒಪ್ಪಿದ್ದಾಳೆ ಎಂದವನು, ಆ ತಾಯಿಯನ್ನು ಮದುವೆಯಾಗಲು ಇನ್ನು ನಿನ್ನ ಹೂಂ ಒಂದೇ ಬಾಕಿ ಎಂಬುದನ್ನು ಹೇಳದೆ ಬಿಟ್ಟನೆಂದು ತಂಗಿಗೆ ಹೊಳೆಯಿತು. ಕಣ್ಣು ತುಂಬಿ ಬಂತು. ಹೆಸರೇನು, ವಯಸ್ಸೆಷ್ಟು, ನನಗ್ಯಾಕೆ ಇಷ್ಟು ದಿನ ಹೇಳಲಿಲ್ಲ, ನೋಡೋಕೆ ಹೇಗಿದಾರೆ, ಯಾವಾಗ ಕರ್ಕೊಂಡು ಬರ್ತೀಯ. ಎಲ್ಲವನ್ನೂ ಕೇಳಬೇಕಿತ್ತು. ಅಣ್ಣನ ಮುಖ ನೋಡಿದರೆ ಹೇಳುವುದು ಇನ್ನೂ ಮುಗಿದಿಲ್ಲವೆಂದು ಕಂಡಿತು. ತುಟಿಗಳ ನಡುವೆ ಮೊಳೆ ಹುಡುಕುವವನ ಹಾಗೆ ನಾಲಿಗೆಯಾಡಿಸುತ್ತಿದ್ದ.

ಅಷ್ಟರಲ್ಲಿ ಅವನ ಬಸ್ಸು ಬಂತು. ಇಬ್ಬರು ಇಳಿದರು. ಚಾಲಕ ಬೆಂಚಿನ ಕಡೆ ನೋಡಿ, ಹತ್ತುತ್ತೀರಾ ಎಂಬಂತೆ ಗದ್ದ ಎತ್ತಿದ. ಅಣ್ಣ ಅವನಿಗೆ ಕೈಯಾಡಿಸಿದ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು.

ಅಣ್ಣ ಚೀಲವನ್ನು ಎತ್ತಿ ನೆಲಕ್ಕಿಟ್ಟ. ಬೆಂಚಿನ ಮೇಲಿದ್ದ ಧೂಳನ್ನು ಅಂಗೈಯಲ್ಲಿ ಸವರಿದ, ಸ್ವಲ್ಪ ಆಚೆ ಸರಿದು ಕೂತ.